ಓದುಗರ ಪ್ರಶ್ನೆ: ಶಿಬಾ ರ್ಯೋತಾರೊ ಬರೆದದ್ದು ಇತಿಹಾಸವೇ?

ಪ್ರಶ್ನೆ: ಜಪಾನಿನ ಶಿಬಾ ರ್ಯೋತಾರೊ ಅವರ ಕಾದಂಬರಿಗಳನ್ನು ಅಲ್ಲಿನ ಅನೇಕರು ಇತಿಹಾಸವೆಂದೇ ಓದುತ್ತಾರೆಂದು ಕೇಳಿದ್ದೇನೆ. ಅವರು ಯಾರು? ಅವರ ಬರಹವನ್ನು ಎಷ್ಟರಮಟ್ಟಿಗೆ ನಂಬಬಹುದು? ಓದುವುದಾದರೆ ಯಾವುದರಿಂದ ಆರಂಭಿಸಲಿ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಅವರ ಹೆಸರಿನಲ್ಲೇ ಅರ್ಧ ಉತ್ತರವಿದೆ. 1923ರಲ್ಲಿ ಒಸಾಕಾದಲ್ಲಿ ಹುಟ್ಟಿದ ಅವರ ನಿಜನಾಮ ಫುಕುಡಾ ತೇಯಿಚಿ. ಚೀನಾದ ಪ್ರಾಚೀನ ಇತಿಹಾಸಕಾರ ಸಿಮಾ ಚಿಯೆನ್‌ನ ಮನೆತನದ ಹೆಸರು ಜಪಾನೀಯರ ಬಾಯಲ್ಲಿ 'ಶಿಬಾ' ಆಗುತ್ತದೆ. ಆ ಮಹನೀಯನ ಹತ್ತಿರಕ್ಕೂ ಸುಳಿಯಲಾಗದ ಜಪಾನಿ ತಾನು ಎಂಬ ಅರ್ಥ ಹೊಮ್ಮುವಂತೆ ಅವರು ಈ ಕಾವ್ಯನಾಮವನ್ನು ಕಟ್ಟಿಕೊಂಡರು.

ಒಸಾಕಾದಲ್ಲಿ ಮಂಗೋಲಿಯನ್ ಭಾಷೆ ಕಲಿಯುತ್ತಿದ್ದ ಅವರನ್ನು 1943ರಲ್ಲಿ ಸೈನ್ಯಕ್ಕೆ ಸೇರಿಸಿಕೊಂಡು, ಮಂಚೂರಿಯಾದಲ್ಲಿ ಟ್ಯಾಂಕ್ ದಳದ ತರಬೇತಿ ಕೊಡಲಾಯಿತು. ಮುಂದೆ ಅವರು ನೆನಪಿಸಿಕೊಂಡಂತೆ, ಹಳೆಯ ಟ್ಯಾಂಕಿನ ಕವಚಕ್ಕೆ ಅರ ಹಾಕಿ ಉಜ್ಜಿದರೆ ಜಾರಿಹೋಗುತ್ತಿತ್ತು, ಹೊಸದಾಗಿ ಬಂದ ಟ್ಯಾಂಕಿನ ಕವಚವಾದರೋ ಸವೆದು ಪುಡಿ ಉದುರಿಸುತ್ತಿತ್ತು, ಅಂದರೆ ಹೊಸದೇ ಮೆದುವಾಗಿತ್ತು. ಯುದ್ಧದ ಕೊನೆಯಲ್ಲಿ ಟೋಕಿಯೋದ ಉತ್ತರಕ್ಕಿರುವ ಸಾನೊ ಪಟ್ಟಣದಲ್ಲಿ ಅವರ ದಳ ಬೀಡುಬಿಟ್ಟಿತ್ತು. ಶತ್ರುಗಳು ಬಂದಿಳಿದಾಗ ಟೋಕಿಯೋದಿಂದ ಓಡಿಬರುವ ಜನರಿಂದ ರಸ್ತೆ ತುಂಬಿದರೆ ಟ್ಯಾಂಕುಗಳು ಸಾಗುವುದು ಹೇಗೆಂದು ಕೇಳಿದಾಗ, ಜನರ ಮೇಲೆಯೇ ಹಾಯಿಸಿಕೊಂಡು ಹೋಗಿ ಎಂದು ಮೇಲಧಿಕಾರಿಯೊಬ್ಬ ಹೇಳಿದನೆಂದು ಅವರು ಬರೆದಿದ್ದಾರೆ. ಜಪಾನೀಯರು ಇಂಥ ಮೂರ್ಖರಾದದ್ದು ಯಾವಾಗಿನಿಂದ, ಹಿಂದೆ ಹೀಗಿರಲಿಲ್ಲವೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ತಮ್ಮ ಕಾದಂಬರಿಗಳು 22 ವರ್ಷದ ಆ ಸೈನಿಕನಿಗೆ, ಅಂದರೆ ತಮಗೆ ತಾವೇ, ಬರೆದ ಪತ್ರಗಳೆಂದು ಅವರು ಹೇಳುತ್ತಿದ್ದರು.

ಯುದ್ಧಾನಂತರ ಸಾಂಕೆಯಿ ಪತ್ರಿಕೆಯ ವರದಿಗಾರರಾಗಿದ್ದಾಗಲೇ ಬರೆದ 'ಗೂಬೆಯ ಕೋಟೆ' ಕಾದಂಬರಿಗೆ ಜನಪ್ರಿಯ ಸಾಹಿತ್ಯಕ್ಕೆ ಕೊಡುವ ನಾವೊಕಿ ಪ್ರಶಸ್ತಿ ಬಂತು. 1962ರಿಂದ 1966ರವರೆಗೆ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾದ 'ರ್ಯೋಮಾ ಹೊರಟ', 1867ರಲ್ಲಿ ಕ್ಯೋಟೋದಲ್ಲಿ ಕೊಲೆಯಾದ, ಶೋಗುನ್ ಎಂಬ ಸೇನಾಧಿಪತಿಗಳ ಆಳ್ವಿಕೆಯನ್ನು ಕೊನೆಗಾಣಿಸಲು ದುಡಿದ ಸಮುರಾಯಿ ಸಾಕಾಮೊತೊ ರ್ಯೋಮಾನನ್ನು ಮನೆಮಾತಾಗಿಸಿತು. ಇಂದು ಜಪಾನೀಯರ ಮನಸ್ಸಿನಲ್ಲಿರುವ ರ್ಯೋಮಾ ಬಹುಪಾಲು ಶಿಬಾ ಅವರ ರ್ಯೋಮಾನೇ. ಆದರೆ ಶೀರ್ಷಿಕೆಯಲ್ಲಿ ಆ ಹೆಸರಿನ ಮೊದಲ ಅಕ್ಷರವನ್ನು ಅವರು ಬೇರೆ ರೂಪದಲ್ಲಿ ಬರೆದಿದ್ದಾರೆ. ಇದು ನಾನು ಕಟ್ಟಿದ ರ್ಯೋಮಾ ಎಂಬ ಸೂಚನೆ ಅದರಲ್ಲಿದೆ ಎಂದು ಅನೇಕ ಓದುಗರು ಭಾವಿಸುತ್ತಾರೆ, ನನಗೂ ಹಾಗೆಯೇ ಅನಿಸುತ್ತದೆ.

ನಂಬಿಕೆಯ ಪ್ರಶ್ನೆ ತೀವ್ರವಾಗುವುದು 'ಏರುದಾರಿಯ ಮೇಲಿನ ಮೋಡ'ದಲ್ಲಿ. ಮಾತ್ಸುಯಾಮಾದ ಅಕಿಯಾಮಾ ಸಹೋದರರು ಮತ್ತು ಕವಿ ಮಾಸಾವೊಕಾ ಶಿಕಿಯ ಬದುಕಿನ ಮೂಲಕ 1904-05ರ ರಷ್ಯಾ-ಜಪಾನ್ ಯುದ್ಧವನ್ನು ಹೇಳುವ ಈ ಕೃತಿಯಲ್ಲಿ ಪೋರ್ಟ್ ಆರ್ಥರ್ ಮುತ್ತಿಗೆಯನ್ನು ನಡೆಸಿದ ಜಪಾನಿ ಸೇನಾನಿ ನೋಗಿ ಅಸಮರ್ಥನಾಗಿ ಕಾಣುತ್ತಾನೆ. ಆ ಚಿತ್ರಣ ಅನ್ಯಾಯದ್ದೆಂದು ಹಲವರು ವಾದಿಸಿದ್ದಾರೆ. ಮೇಜಿ ಕಾಲವನ್ನು (1868-1912) ಬೆಳಕಾಗಿಯೂ 1926ರಲ್ಲಿ ಆರಂಭವಾದ ಶೋವಾ ಯುಗದ ಯುದ್ಧಕಾಲವನ್ನು ಕತ್ತಲಾಗಿಯೂ ನೋಡುವ ಅವರ ದೃಷ್ಟಿಗೂ ಆಕ್ಷೇಪಗಳಿವೆ, ಮತ್ತು ಆ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ, ಏಕೆಂದರೆ ಕೊರಿಯಾದ ಮೇಲೆ ಜಪಾನಿನ ಹಿಡಿತ ಬಿಗಿಯಾದದ್ದು ಮೇಜಿ ಕಾಲದಲ್ಲಿಯೇ. ಈ ಕಾದಂಬರಿ ಯುದ್ಧವನ್ನು ವೈಭವೀಕರಿಸುವಂತೆ ಕಂಡೀತೆಂಬ ಅಳುಕಿನಿಂದ ಅವರು ಅದರ ಚಿತ್ರೀಕರಣಕ್ಕೆ ಒಪ್ಪಿರಲಿಲ್ಲ. 1939ರಲ್ಲಿ ಸೋವಿಯತ್ ಸೇನೆಯೆದುರು ಜಪಾನ್ ಕಂಡ ನೊಮೊನ್‌ಹಾನ್ ಸೋಲಿನ ಬಗ್ಗೆ ವರ್ಷಗಟ್ಟಲೆ ಸಾಮಗ್ರಿ ಕೂಡಿಸಿದರೂ ಆ ಕಾದಂಬರಿಯನ್ನು ಅವರು ಕೊನೆಗೂ ಬರೆಯಲಿಲ್ಲ, 1996ರಲ್ಲಿ ತೀರಿಕೊಂಡರು.

ಇಂಗ್ಲಿಷ್ ಅನುವಾದದಲ್ಲಿ ಓದುವುದಾದರೆ, 'ಏರುದಾರಿಯ ಮೇಲಿನ ಮೋಡ' ನಾಲ್ಕು ಸಂಪುಟಗಳಷ್ಟು ದೊಡ್ಡದು. ಮೊದಲ ಓದಿಗೆ, ಅಧಿಕಾರವನ್ನು ತಾನಾಗಿಯೇ ಬಿಟ್ಟುಕೊಟ್ಟ ತೊಕುಗಾವಾ ಯೋಶಿನೊಬು ಕುರಿತ 'ಕೊನೆಯ ಶೋಗುನ್' ಎಂಬ ಚಿಕ್ಕ ಪುಸ್ತಕವನ್ನು ಹಿಡಿಯಿರಿ.