ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಲಾಕ್‌ನಲ್ಲಿ ಕಣ್ಣು ದೋಣಿಯ ಮೇಲಿರಲಿ

(ಇಂಗ್ಲೆಂಡಿನ ಕಾಲುವೆಗಳಲ್ಲಿ ರಜೆ ಕಳೆಯಲು ಹೊರಟ ಓದುಗರ ಪತ್ರಗಳಿಗೆ ಈ ಸಲದ ಉತ್ತರ. ಬರೆದವರು ಅಲ್ಲೇ ನೆಲೆಸಿರುವ ಕನ್ನಡತಿ. ಬೇಸಿಗೆಯಲ್ಲಿ ಸ್ವಯಂಸೇವಕಿಯಾಗಿ, ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಬಳಿ ನಿಂತು ನೆರವಾಗುತ್ತಾರೆ.)

ಪ್ರಶ್ನೆ: ಆಗಸ್ಟ್‌ನಲ್ಲಿ ನ್ಯಾರೋಬೋಟ್ (ಕಾಲುವೆಗೆಂದೇ ಮಾಡಿದ ಉದ್ದನೆಯ ಕಿರಿದಾದ ದೋಣಿ) ಬಾಡಿಗೆಗೆ ಹಿಡಿದು ಲ್ಯಾಂಗೋಲೆನ್ ಕಾಲುವೆಗೆ ಹೊರಟಿದ್ದೇವೆ. ನಾವಿಬ್ಬರು, ಎರಡು ಮಕ್ಕಳು, ಜೊತೆಗೆ ನಮ್ಮ ಅತ್ತೆ. ಯಾರೂ ಇದುವರೆಗೆ ದೋಣಿ ನಡೆಸಿದವರಲ್ಲ. ‘ಲೈಸೆನ್ಸೂ ಬೇಡ, ಗಂಟೆಗೆ 4 ಮೈಲಿ ವೇಗ, ಇದರಲ್ಲೇನಿದೆ ಅಪಾಯ?’ ಅಂತಾರೆ ನಮ್ಮವರು. ಲಾಕ್‌ಗಳ ವಿಡಿಯೊ ನೋಡಿದ ಮೇಲೆ ನನಗಂತೂ ಎದೆ ಡವಡವ. ನಿಜವಾಗಿ ಯಾವುದಕ್ಕೆ ಹೆದರಬೇಕು?

ಉತ್ತರ: ನಿಮ್ಮವರು ಹೇಳಿದ್ದು ಸುಳ್ಳಲ್ಲ. ರಜೆಗೆ ಬಾಡಿಗೆ ದೋಣಿ ನಡೆಸಲು ಲೈಸೆನ್ಸ್ ಬೇಕಿಲ್ಲ. ದೋಣಿ ನಡೆಯುವುದೂ ನಡಿಗೆಯ ವೇಗದಲ್ಲೇ. ಆದರೆ ಆ ದೋಣಿ ಕಬ್ಬಿಣದ್ದು. 57 ಅಡಿ ಉದ್ದದ್ದಾದರೆ ತೂಕ 15 ಟನ್‌ ಆಸುಪಾಸು. ಲಾಕ್ ಅಂದರೆ ಎರಡೂ ತುದಿಗೆ ಗೇಟ್ ಇರುವ ಕಲ್ಲಿನ ತೊಟ್ಟಿ. ನೀರು ತುಂಬಿಸಿ ದೋಣಿ ಏರಿಸುತ್ತೀರಿ, ನೀರು ಬಿಟ್ಟು ಇಳಿಸುತ್ತೀರಿ. ನ್ಯಾರೋ ಲಾಕ್‌ನ ಅಗಲ ಸುಮಾರು 7 ಅಡಿ, ದೋಣಿ ಅದಕ್ಕಿಂತ ಒಂದೆರಡು ಇಂಚು ಕಡಿಮೆ, ಅಷ್ಟೇ. ಇಂಥ ಜಾಗದಲ್ಲಿ ದೋಣಿ ಎಲ್ಲಿಗಾದರೂ ಸಿಕ್ಕಿಕೊಂಡು, ಸುತ್ತಲಿನ ನೀರು ಮಾತ್ರ ಏರುತ್ತಲೋ ಇಳಿಯುತ್ತಲೋ ಇದ್ದರೆ? ಹೆದರಬೇಕಾದ್ದು ಅದಕ್ಕೆ.

ಇಳಿಯುವಾಗ ಸಿಕ್ಕಿಕೊಳ್ಳುವ ಜಾಗ ಸಿಲ್. ಮೇಲಿನ ಗೇಟಿನ ಬುಡದಲ್ಲಿ ಒಂದು ಕಟ್ಟೆ ಇರುತ್ತದೆ. ಕೆಲವು ಕಡೆ ಅದು ಲಾಕ್‌ನ ಒಳಕ್ಕೆ ನಾಲ್ಕೈದು ಅಡಿ ಚಾಚಿರುತ್ತದೆ. ಲಾಕ್ ತುಂಬಿದ್ದಾಗ ಅದು ಕಾಣುವುದೇ ಇಲ್ಲ. ನೀರು ಇಳಿದ ಹಾಗೆ ಪಾಚಿ ಹಿಡಿದ ಕಪ್ಪು ಅಂಚು ನಿಧಾನಕ್ಕೆ ಮೇಲೆ ಬರುತ್ತದೆ. ಚುಕ್ಕಾಣಿ ಹಿಡಿದವರ ಬೆನ್ನ ಹಿಂದೆಯೇ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಹಿಂದುಗಡೆ ಅಲ್ಲೇ ನಿಲ್ಲುತ್ತದೆ, ಮುಂಭಾಗ ನೀರಿನ ಜೊತೆ ಕೆಳಗೆ ಹೋಗುತ್ತದೆ. ಮುಂದಿನಿಂದ ನೀರು ನುಗ್ಗಿದರೆ ದೋಣಿ ಮುಳುಗಲು ಜಾಸ್ತಿ ಹೊತ್ತು ಬೇಡ.

ಸಿಲ್ ಎಲ್ಲಿಯವರೆಗೆ ಚಾಚಿದೆ ಅಂತ ತೋರಿಸಲು ಲಾಕ್‌ನ ಅಂಚಿನಲ್ಲಿ ಬಿಳಿ ಗೆರೆ ಹಾಕಿರುತ್ತಾರೆ. ಕೆಲವೆಡೆ ಬಣ್ಣ ಮಾಸಿರುತ್ತದೆ, ಹುಡುಕಿ ನೋಡಿ. ದೋಣಿಯ ಹಿಂತುದಿ, ಅದರ ಕೆಳಗಿನ ಚುಕ್ಕಾಣಿಯೂ ಸೇರಿ, ಆ ಗೆರೆಗಿಂತ ಮುಂದಿರಬೇಕು. ಹೊರಡುವಾಗ ಇದ್ದರೆ ಸಾಲದು, ಲಾಕ್ ಪೂರ್ತಿ ಖಾಲಿ ಆಗುವ ತನಕ ಇರಬೇಕು. ನೀರಿನ ಎಳೆತಕ್ಕೆ ದೋಣಿ ಹಿಂದೆ ಮುಂದೆ ಜರುಗುತ್ತಲೇ ಇರುತ್ತದೆ. ಹಾಗಂತ ತೀರಾ ಮುಂದಕ್ಕೂ ಹೋಗಬೇಡಿ. ಮೂತಿ ಕೆಳಗಿನ ಗೇಟಿನ ಮರಕ್ಕೆ ಸಿಕ್ಕಿಕೊಳ್ಳಬಹುದು.

ಒಂದು ಸಲ ನಮ್ಮ ಲಾಕ್‌ನಲ್ಲಿ ಒಂದು ಕುಟುಂಬ ಇಳಿಯುತ್ತಿತ್ತು. ಚುಕ್ಕಾಣಿ ಹಿಡಿದವರು ದಡದ ಮೇಲಿದ್ದ ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದರು. ದೋಣಿ ಸದ್ದಿಲ್ಲದೆ ಹಿಂದಕ್ಕೆ ಜರುಗಿತು. ಕರ್ರ್ ಅಂತ ಒಂದು ಸದ್ದು. ಒಳಗೆ ಟೇಬಲ್ ಮೇಲಿದ್ದ ಲೋಟಗಳು ಮುಂದಕ್ಕೆ ಜಾರತೊಡಗಿದವು. ಕೆಳಗಿನ ಗೇಟಿನ ಹತ್ತಿರ ಹದಿನೈದು ಹದಿನಾರರ ಹುಡುಗಿಯೊಬ್ಬಳು ವಿಂಡ್ಲಸ್ (ನೀರಿನ ಕಿಂಡಿಯ ಬಾಗಿಲು ಎತ್ತಿಳಿಸಲು ತಿರುಗಿಸುವ ಹಿಡಿ) ಹಿಡಿದು ನಿಂತಿದ್ದಳು. ಯಾರನ್ನೂ ಕೇಳುತ್ತಾ ಕೂರದೆ ಪ್ಯಾಡಲ್, ಅಂದರೆ ಆ ಕಿಂಡಿಯ ಬಾಗಿಲು, ಇಳಿಸಿ ಮುಚ್ಚಿಬಿಟ್ಟಳು. ನಾನು ಓಡಿಹೋಗಿ ಇನ್ನೊಂದು ಬದಿಯದನ್ನು ಇಳಿಸಿದೆ. ಆಮೇಲೆ ಮೇಲಿನ ಪ್ಯಾಡಲ್ ಸ್ವಲ್ಪ ಸ್ವಲ್ಪವೇ ಎತ್ತಿ ನೀರು ತುಂಬಿಸಿದೆವು. ದೋಣಿ ತೇಲಿತು, ಯಾರಿಗೂ ಏನೂ ಆಗಲಿಲ್ಲ. ಅವಳು ಆ ಜಾಗ ಬಿಟ್ಟು ಕದಲಿರಲಿಲ್ಲ ನೋಡಿ, ಅದರಿಂದ ದೋಣಿ ಉಳಿಯಿತು.

ಇದೇ ಕ್ರಮವನ್ನು ನೀವೂ ನೆನಪಿಟ್ಟುಕೊಳ್ಳಿ: ಮೊದಲು ಕೆಳಗಿನ ಪ್ಯಾಡಲ್‌ಗಳು ಪೂರ್ತಿ ಮುಚ್ಚಬೇಕು, ಆಮೇಲೆ ಮೇಲಿನವು ನಿಧಾನಕ್ಕೆ. ಏರುವಾಗ ಸಿಕ್ಕಿಕೊಂಡರೆ ಇದರ ಉಲ್ಟಾ. ಪ್ಯಾಡಲ್ ಎತ್ತಿದವರು ಅದರ ಪಕ್ಕದಲ್ಲೇ ನಿಲ್ಲಲಿ. ಚುಕ್ಕಾಣಿಯವರು ಸನ್ನೆ ಕೊಡುವ ತನಕ ಯಾರೂ ಪ್ಯಾಡಲ್ ಎತ್ತಬಾರದು. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಎತ್ತು, ನಿಲ್ಲಿಸು, ಮುಚ್ಚು ಅನ್ನುವುದಕ್ಕೆ ಕೈಸನ್ನೆಗಳನ್ನು ಹೊರಡುವ ಮುಂಚೆಯೇ ಗೊತ್ತುಮಾಡಿಕೊಳ್ಳಿ. ಇಳಿಯುವಾಗ ಹಗ್ಗವನ್ನು ಬಿಗಿದು ಗಂಟು ಹಾಕಲೇಬೇಡಿ. ನೀರು ಕೆಳಗೆ ಹೋದಾಗ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ದಡದ ಮೇಲಿನ ಗಿಡ್ಡ ಕಂಬಕ್ಕೆ (ಬೊಲಾರ್ಡ್) ಒಂದು ಸುತ್ತು ಹಾಕಿ ತುದಿ ಕೈಯಲ್ಲಿಟ್ಟುಕೊಂಡರೆ ಸಾಕು, ಬೇಕಾದ ಹಾಗೆ ಬಿಡುತ್ತಾ ಹೋಗಬಹುದು.

ನಿಮ್ಮ ದಾರಿಯ ಬಗ್ಗೆ ಒಂದು ಮಾತು. ಲ್ಯಾಂಗೋಲೆನ್ ಕಾಲುವೆಯಲ್ಲಿ ನೀರಿನ ಹರಿವು ಬೇರೆ ಕಡೆಗಿಂತ ಜಾಸ್ತಿ. ಹೆಚ್ಚಾದ ನೀರು ಲಾಕ್‌ನ ಪಕ್ಕದಿಂದ ಹರಿದು ಕೆಳಗೆ ಬಂದು ಸೇರುವಲ್ಲಿ ದೋಣಿಯನ್ನು ಒಂದು ಬದಿಗೆ ತಳ್ಳುತ್ತದೆ. ಆಗ ಗೋಡೆಗೆ ಕಾಲು ಕೊಟ್ಟು ತಡೆಯಲು ಹೋಗಬೇಡಿ. 15 ಟನ್ ಕಬ್ಬಿಣ ಕಾಲನ್ನು ಲೆಕ್ಕಕ್ಕೇ ಇಡುವುದಿಲ್ಲ. ಗೋಡೆಗೆ ಉಜ್ಜಿದರೆ ಉಜ್ಜಲಿ. ಬಣ್ಣ ತಾನೆ ಹೋಗುವುದು?

ಪ್ರಶ್ನೆ: ಹೋದ ವರ್ಷ ಲಾಕ್‌ನಲ್ಲಿ ಮೇಲೇರುವಾಗ ಮುಂದಿನ ಡೆಕ್ ಮೇಲೆ ನೀರು ಧಾರೆಯಾಗಿ ಸುರಿಯಿತು. ಎಲ್ಲಿ ತಪ್ಪಿದೆವು?

ಉತ್ತರ: ಗೇಟ್ ಪ್ಯಾಡಲ್‌ಗಳನ್ನು ಬೇಗ ಎತ್ತಿರಬೇಕು. ಮೇಲಿನ ತುದಿಯಲ್ಲಿ ಅನೇಕ ಕಡೆ ಎರಡು ಬಗೆಯ ಪ್ಯಾಡಲ್ ಇರುತ್ತವೆ. ದಡದ ಮೇಲಿರುವುದು ಗ್ರೌಂಡ್ ಪ್ಯಾಡಲ್. ಅದು ನೆಲದಡಿಯಿಂದ ನೀರು ಬಿಡುತ್ತದೆ. ಗೇಟಿನಲ್ಲೇ ಇರುವ ಪ್ಯಾಡಲ್, ಲಾಕ್ ಖಾಲಿ ಇದ್ದಾಗ ಎತ್ತಿದರೆ, ನೀರನ್ನು ನೇರ ದೋಣಿಯ ಮುಂಭಾಗಕ್ಕೆ ಚಿಮ್ಮಿಸುತ್ತದೆ. ಮೊದಲು ಗ್ರೌಂಡ್ ಪ್ಯಾಡಲ್ ಅರ್ಧ ಎತ್ತಿ, ದೋಣಿ ಹೇಗಿದೆ ನೋಡಿ, ಆಮೇಲೆ ಪೂರ್ತಿ. ಗೇಟಿನ ಪ್ಯಾಡಲ್ ಕಿಂಡಿ ನೀರಿನಲ್ಲಿ ಮುಳುಗಿದ ಮೇಲಷ್ಟೇ ಅದಕ್ಕೆ ಕೈ ಹಾಕಿ. ಲಾಕ್‌ನಲ್ಲಿ ಇರುವಷ್ಟು ಹೊತ್ತೂ ಮುಂಬಾಗಿಲು ಮುಚ್ಚಿರಲಿ. ದೋಣಿಯ ಮೂತಿ ಮೇಲಿನ ಗೇಟಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಲ್ಲ ತಾನೆ ಅಂತ ದಡದಲ್ಲಿರುವ ಯಾರಾದರೂ ನೋಡುತ್ತಿರಲಿ. ಹಿಂದೆ ನಿಂತವರಿಗೆ ಅದು ಕಾಣಿಸುವುದಿಲ್ಲ.

ಪ್ರಶ್ನೆ: ಪ್ಯಾಡಲ್ ಎತ್ತಿದ ಮೇಲೆ ವಿಂಡ್ಲಸ್ ಅಲ್ಲೇ ಬಿಟ್ಟರೆ ಏನಾಗುತ್ತದೆ? ಇನ್ನೊಂದು ದೋಣಿಯವರು ನನ್ನ ಮಗನಿಗೆ ಜೋರಾಗಿಯೇ ಗದರಿಸಿದರು.

ಉತ್ತರ: ಅವರು ಗದರಿಸಿದ್ದು ಒಳ್ಳೆಯದೇ ಆಯಿತು. ಎತ್ತಿದ ಪ್ಯಾಡಲನ್ನು ಹಿಡಿದಿಟ್ಟಿರುವುದು ಪಾಲ್ ಅನ್ನುವ ಒಂದು ಸಣ್ಣ ಕಬ್ಬಿಣದ ನಾಲಗೆ. ಅದು ಜಾರಿದರೆ ಭಾರವಾದ ಪ್ಯಾಡಲ್ ದಡಕ್ಕನೆ ಬೀಳುತ್ತದೆ, ವಿಂಡ್ಲಸ್ ಗಿರ್ರನೆ ತಿರುಗಿ ಹಾರುತ್ತದೆ. ಕೈಮೂಳೆ, ಹಲ್ಲು ಮುರಿಯಲು ಅಷ್ಟು ಸಾಕು. ಪಾಲ್ ಕೂತಿದೆ ಅಂತ ಕಣ್ಣಾರೆ ನೋಡಿ, ವಿಂಡ್ಲಸ್ ತೆಗೆದು ಕೈಯಲ್ಲಿಟ್ಟುಕೊಳ್ಳಲಿ. ತಿರುಗುತ್ತಿರುವಾಗ ಅದನ್ನು ಹಿಡಿಯಲು ಹೋಗದೆ ಹಿಂದಕ್ಕೆ ಸರಿಯಬೇಕು.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಲಾಕ್‌ನಲ್ಲಿ ಯಾರಾದರೂ ಬಿದ್ದರೆ ಏನು ಮಾಡಬೇಕು?

ಉತ್ತರ: ಲೈಫ್ ಜಾಕೆಟ್ ಹಾಕಿಕೊಳ್ಳಿ. ಮಕ್ಕಳಿಗೂ ಹಾಕಿ. ಬಾಡಿಗೆ ಕೊಡುವವರನ್ನು ಬುಕ್ ಮಾಡುವಾಗಲೇ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.

ಯಾರಾದರೂ ಬಿದ್ದರೆ ಮೊದಲ ಕೆಲಸ ಎಂಜಿನ್ ನಿಲ್ಲಿಸುವುದು. ಬಿದ್ದವರ ಹತ್ತಿರ ಹೋಗೋಣ ಅಂತ ದೋಣಿ ಹಿಂದಕ್ಕೆ ತೆಗೆಯಬಾರದು, ನೀರಿನಡಿ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಅದೇ ಹೊತ್ತಿಗೆ ದಡದವರು ಎಲ್ಲ ಪ್ಯಾಡಲ್ ಮುಚ್ಚಲಿ. ಹಗ್ಗವನ್ನೋ ತೇಲುವ ಬಳೆಯನ್ನೋ (ಲೈಫ್‌ಬಾಯ್) ಎಸೆಯಿರಿ. ಲಾಕ್‌ನ ಗೋಡೆಯಲ್ಲಿ ಏಣಿ ಇದ್ದರೆ ಅತ್ತ ಎಳೆಯಿರಿ. ಮಗು ಬಿದ್ದರೂ ಸರಿ, ಯೋಚಿಸದೆ ಹಾರಬೇಡಿ. ಹೇಳುವುದು ಸುಲಭ ಅಂತ ನನಗೂ ಗೊತ್ತು, ನಾನೂ ತಾಯಿ. ಆದರೆ ತಣ್ಣೀರಿನಲ್ಲಿ, ಹಿಡಿತವಿಲ್ಲದ ನುಣುಪು ಗೋಡೆಗಳ ನಡುವೆ, ಎತ್ತಬೇಕಾದವರು ಒಬ್ಬರ ಬದಲು ಇಬ್ಬರಾಗುತ್ತಾರೆ. ಪರಿಸ್ಥಿತಿ ಕೈಮೀರಿದರೆ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ. ಲಾಕ್‌ನ ಹೆಸರು ಅಥವಾ ನಂಬರ್ ಅಲ್ಲೇ ಬರೆದಿರುತ್ತದೆ, ಅದನ್ನು ಹೇಳಿ.

ಹೊರಗೆ ಬಂದ ಮೇಲೆ ಸ್ನಾನ ಮಾಡಿಸಿ, ಗಾಯಗಳನ್ನು ತೊಳೆಯಿರಿ. ಇಲಿಗಳ ಮೂತ್ರದಿಂದ ಕಾಲುವೆ ನೀರಿಗೆ ಲೆಪ್ಟೊಸ್ಪೈರೋಸಿಸ್ ರೋಗಾಣು ಸೇರಿರಬಹುದು. ಅಪರೂಪದ ಕಾಯಿಲೆ ಅದು. ಆದರೂ ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕಾಲುವೆಗೆ ಬಿದ್ದಿದ್ದೆ’ ಅಂತ ಮರೆಯದೆ ಹೇಳಿ.

ಇನ್ನು, ಬೀಳುವುದು ಹೆಚ್ಚಾಗಿ ಎಲ್ಲಿ ಗೊತ್ತಾ? ಅರ್ಧ ತೆರೆದ ಒಂದು ಗೇಟಿನಿಂದ ಇನ್ನೊಂದಕ್ಕೆ ಹಾರಲು ಹೋದಾಗ, ಒದ್ದೆ ಅಂಚಿನಲ್ಲಿ ಓಡಿದಾಗ, ದೋಣಿ ದಡಕ್ಕೆ ತಾಗುವ ಮೊದಲೇ ಜಿಗಿದಾಗ. ಸುತ್ತು ಬಳಸಿ ನಡೆದರೆ ಎರಡು ನಿಮಿಷ ತಡವಾಗುತ್ತದೆ, ಅಷ್ಟೇ ಅಲ್ವಾ.

ಪ್ರಶ್ನೆ: ಲೆಸ್ಟರ್‌ಶೈರ್‌ನ ಫಾಕ್ಸ್‌ಟನ್‌ನಲ್ಲಿ ಒಂದರ ಮೇಲೊಂದು 10 ಲಾಕ್ ಇವೆಯಂತೆ. ಹೊಸಬರು ಹೋಗಬಹುದೇ?

ಉತ್ತರ: ಧಾರಾಳವಾಗಿ. 1814ರ ಕಾಲದ ಲಾಕ್‌ಗಳು. ಐದೈದರ ಎರಡು ಮೆಟ್ಟಿಲುಸಾಲು, ಒಟ್ಟು 75 ಅಡಿ ಏರಿಳಿತ. ಅಲ್ಲಿ ಲಾಕ್ ಕೀಪರ್‌ಗಳು ಇರುತ್ತಾರೆ. ಅವರನ್ನು ಕಂಡು ಮಾತಾಡದೆ ದೋಣಿಯನ್ನು ಒಳಗೆ ತರಬಾರದು, ಏಕೆಂದರೆ ಎದುರಿನಿಂದ ಬರುವವರ ಸರದಿಯೂ ಇರುತ್ತದೆ. ಪ್ಯಾಡಲ್‌ಗಳಿಗೆ ಕೆಂಪು, ಬಿಳಿ ಬಣ್ಣ ಹಚ್ಚಿದ್ದಾರೆ. ಮೊದಲು ಕೆಂಪು, ಆಮೇಲೆ ಬಿಳಿ. ಕೆಂಪು ಎತ್ತಿದರೆ ಪಕ್ಕದ ಕೊಳದ ನೀರು ಕೆಳಗಿನ ಲಾಕ್‌ಗೆ ಹೋಗುತ್ತದೆ, ಬಿಳಿ ಎತ್ತಿದರೆ ಮೇಲಿನ ಲಾಕ್‌ನ ನೀರು ಆ ಕೊಳಕ್ಕೆ ಬರುತ್ತದೆ. ಕ್ರಮ ತಪ್ಪಿದರೆ ತುಂಬಿದ ಕೊಳಕ್ಕೇ ಮತ್ತೆ ನೀರು ಬಿಟ್ಟಂತಾಗಿ ಉಕ್ಕಿ ಹರಿಯುತ್ತದೆ. ಕೀಪರ್‌ಗಳಿಗೆ ‘ನಾವು ಹೊಸಬರು’ ಅಂತ ಮೊದಲೇ ಹೇಳಿಬಿಡಿ, ಜೊತೆಗೇ ನಡೆದು ಬಂದು ತೋರಿಸಿಕೊಡುತ್ತಾರೆ.