ಯಾವ ಐದು ಗಂಟೆ?

ಪ್ರಶ್ನೆ: 2023ರ ಬರದಲ್ಲಿ ಪಂಪ್‌ಸೆಟ್‌ಗೆ ಕೊಡುತ್ತಿದ್ದ 7 ಗಂಟೆ ತ್ರೀ ಫೇಸ್ ಕರೆಂಟನ್ನು ಸರ್ಕಾರ 5 ಗಂಟೆಗೆ ಇಳಿಸಿತು. ಮಳೆಯಿಲ್ಲದ್ದು ಎಲ್ಲರಿಗೂ ಕಾಣುತ್ತಿತ್ತು. ಆದರೂ ರೈತರು ಅಷ್ಟು ರೊಚ್ಚಿಗೆದ್ದದ್ದು ಯಾಕೆ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಆ ಅಕ್ಟೋಬರ್‌ನಲ್ಲಿ ಮಳೆಯಿಲ್ಲದೆ ಪಂಪುಗಳೆಲ್ಲ ಓಡಿದವು, ಜಲವಿದ್ಯುತ್ತಿಗೆ ಜಲಾಶಯಗಳಲ್ಲೂ ನೀರು ಕಡಿಮೆ. ವಿದ್ಯುತ್ ಕಾಯ್ದೆಯ 11ನೇ ಕಲಂ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕೆಂದು ಸರ್ಕಾರ ಆದೇಶಿಸಿತು. ನವೆಂಬರ್‌ನಲ್ಲಿ ಮತ್ತೆ 7 ಗಂಟೆ ಎಂದಿತು. ಅದೆಲ್ಲ ಸರಿ, ಆದರೆ 5 ಗಂಟೆ ಎಂದರೆ ಯಾವ 5 ಗಂಟೆ? ಮಣ್ಣಿನ ಕಾಲುವೆ ನೆನೆಯಲಿಕ್ಕೇ ಒಂದಿಷ್ಟು ಹೊತ್ತು ಬೇಕು. ನಡುವೆ ಕರೆಂಟು ಹೋದರೆ ಕೊನೆಯ ಮಡಿಗೆ ನೀರು ಮುಟ್ಟುವುದಿಲ್ಲ, ಮರುದಿನ ಮತ್ತೆ ಮೊದಲಿನಿಂದ.

ಹೇಳಿದ ವೇಳೆಯನ್ನು ನಂಬದವನು ಕರೆಂಟು ಬಂದೊಡನೆ ಮೋಟರನ್ನು ತಾನೇ ಶುರು ಮಾಡುವ ಆಟೋ ಸ್ಟಾರ್ಟರ್ ಹಾಕಿಸುತ್ತಾನೆ. ಕರೆಂಟು ಬಂದದ್ದೇ ತಡ, ಸಾಲಿನ ಮೋಟರೆಲ್ಲ ಒಟ್ಟಿಗೇ ಶುರು. ಲೆಕ್ಕ ನೋಡಿ: 63 ಕೆವಿಎ ಟಿಸಿಯ (ಟ್ರಾನ್ಸ್‌ಫಾರ್ಮರ್) ಸಾಮರ್ಥ್ಯ ಫೇಸಿಗೆ ಸುಮಾರು 84 ಆಂಪಿಯರ್. 5 ಎಚ್‌ಪಿ ಮೋಟರು ಓಡುವಾಗ ಎಳೆಯುವುದು 7–8 ಆಂಪಿಯರ್. ನೇರ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ 5–6 ಪಟ್ಟು. 10 ಮೋಟರು ಒಮ್ಮೆಗೇ ಎದ್ದರೆ 400 ಆಂಪಿಯರ್ ಆಸುಪಾಸು! ವೋಲ್ಟೇಜು ಕುಸಿದು ಮೋಟರು ವೇಗ ಹಿಡಿಯುವುದಿಲ್ಲ, ಫ್ಯೂಸ್ ಹೋಗುತ್ತದೆ. ಬೇಸತ್ತ ಯಾರೋ ದಪ್ಪ ತಂತಿ ಕಟ್ಟುತ್ತಾರೆ. ಮುಂದಿನ ಸಲ ಸುಡುವುದು ಟಿಸಿಯೇ. ಅದು ಬದಲಾಗುವವರೆಗೆ 5 ಗಂಟೆಯೂ ಇಲ್ಲ. ಬೈಗುಳ ಸರ್ಕಾರಕ್ಕೆ – ಅದರಲ್ಲಿ ಅರ್ಧ ನ್ಯಾಯವೂ ಇದೆ.

ಒಂದೇ ಟಿಸಿಯವರು ಕೂತು ಮಾತಾಡಿ ಸ್ಟಾರ್ಟರ್‌ಗೆ ಟೈಮರ್ ಹಾಕಿಸಿಕೊಳ್ಳಿ: ಒಬ್ಬರಿಗೆ 1 ನಿಮಿಷ ತಡ, ಇನ್ನೊಬ್ಬರಿಗೆ 2, ಹೀಗೆ. ನಿಮ್ಮ ಫೀಡರಿಗೆ (ಊರಿಗೆ ಕರೆಂಟು ತರುವ ಲೈನಿಗೆ) ಯಾವ ಹೊತ್ತು ಎಂಬುದನ್ನು ವಿದ್ಯುತ್ ಕಂಪನಿಯ ಉಪವಿಭಾಗ ಕಚೇರಿಯಲ್ಲಿ ಬರೆದುಕೊಟ್ಟು ಕೇಳಿ.

ಪ್ರಶ್ನೆ: ವೇಳಾಪಟ್ಟಿ ಸರಿಯಿದ್ದರೆ ಸಾಕೆ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಸಾಲದು. ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರಿ ವಿದ್ಯುತ್ ಕಂಪನಿ ಎಸ್ಕಾಮ್ ಕಡಿತವನ್ನು ಹಂತಗಳಾಗಿ ಸಾರುತ್ತಿತ್ತು. ಒಂದೊಂದು ಹಂತ ಏರಿದಂತೆ ಕಡಿತ 1,000 ಮೆಗಾವಾಟ್ ಹೆಚ್ಚು. ಯಾವ ಬಡಾವಣೆಗೆ ಯಾವಾಗ ಎಂಬುದು ಮೊಬೈಲಿನಲ್ಲೇ ಸಿಗುತ್ತಿತ್ತು. ಜನ ಅದನ್ನು ನೋಡಿಯೇ ಒಲೆ ಹಚ್ಚಿದರು, ಅಂಗಡಿ ತೆರೆದರು. ಆದರೆ ಹಳೆಯ ಕಲ್ಲಿದ್ದಲು ಸ್ಥಾವರಗಳ ದುರಸ್ತಿಯನ್ನು ವರ್ಷಗಟ್ಟಲೆ ಮುಂದೂಡಿದ್ದನ್ನು ಪಟ್ಟಿ ಮುಚ್ಚಲಾರದು. 2024ರ ಮಾರ್ಚ್ ಕೊನೆಗೆ ಕಡಿತ ನಿಂತಿತು. ಮೇ ಕೊನೆಯ ಚುನಾವಣೆಯಲ್ಲಿ ಆಳುವ ಪಕ್ಷ ಎಎನ್‌ಸಿಗೆ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಬಿದ್ದದ್ದು ಸುಮಾರು ಶೇ 40 ಮತ. 1994ರ ನಂತರ ಮೊದಲ ಸಲ ಬಹುಮತ ಹೋಯಿತು. ನಿರುದ್ಯೋಗ, ಭ್ರಷ್ಟಾಚಾರದ ಸಿಟ್ಟೂ ಅದರಲ್ಲಿ ಸೇರಿತ್ತು, ನಿಜ. ಎರಡು ತಿಂಗಳು ದೀಪ ಉರಿದದ್ದಂತೂ ಸಾಕಾಗಲಿಲ್ಲ.