ಮುತ್ತಜ್ಜನ ಜಾಡು ಹಿಡಿಯುವುದು ಹೇಗೆ? ಹಳೆಯ ದಾಖಲೆ ಹುಡುಕುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಅಜ್ಜನ ಅಜ್ಜನ ಹೆಸರು ಫಕ್ಕೀರಪ್ಪ ಎಂಬುದಷ್ಟೇ ಗೊತ್ತು. ಹೊಲ ಈಗ ನಮ್ಮ ಮತ್ತು ದೊಡ್ಡಪ್ಪನ ಮಕ್ಕಳ ಹೆಸರಿನಲ್ಲಿದೆ. ಅವರು ಯಾವಾಗ ತೀರಿಕೊಂಡರು, ಹೇಗೆ ಬದುಕಿದರು ಎಂದು ತಿಳಿಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಫಕ್ಕೀರಪ್ಪನವರಿಂದ ಶುರು ಮಾಡಬೇಡಿ. ನಿಮ್ಮ ಈಗಿನ ಉತಾರ (ಪಹಣಿ) ಹಿಡಿದು ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ಒಂದೇ ಊರಲ್ಲಿ ಒಂದೇ ಕಾಲಕ್ಕೆ ನಾಲ್ಕು ಮಂದಿ ಫಕ್ಕೀರಪ್ಪ ಇರಬಹುದು. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಂತೂ ಒಂದು ತಲೆಮಾರು ಬಿಟ್ಟು ಒಂದಕ್ಕೆ ಅದೇ ಹೆಸರು ಬರುತ್ತದೆ. ಹೆಸರಿನ ಬೆನ್ನು ಹತ್ತಿದವರು ಬಹುತೇಕ ಬೇರೆಯವರ ಅಜ್ಜನ ಮನೆಗೆ ಹೋಗಿ ನಿಲ್ಲುತ್ತಾರೆ. ಹೊಲದ ನಂಬರು ಹಿಡಿದವರಿಗೆ ಆ ಅಪಾಯ ಕಡಿಮೆ.

ಉತಾರದ 9ನೇ ಕಾಲಂನಲ್ಲಿ ಖಾತೇದಾರರ ಹೆಸರು, 10ನೇ ಕಾಲಂನಲ್ಲಿ ಆ ಹಕ್ಕು ಬಂದ ರೀತಿ ಮತ್ತು ಬದಲಾವಣೆಯ ನಂಬರು ಇರುತ್ತದೆ. ಹಳೆಯ ಕೈಬರಹದ ಉತಾರಗಳಲ್ಲಿ ಇದೇ ಎಂ.ಇ. (ಮ್ಯುಟೇಶನ್ ಎಂಟ್ರಿ) ನಂಬರು. ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ಆ ಎಂ.ಇ.ಯ ನಕಲು ಪಡೆಯಿರಿ. ಅದರಲ್ಲಿ ಇಂಥವರು ಮಯತರಾಗಿದ್ದಾರೆ (ತೀರಿಕೊಂಡಿದ್ದಾರೆ), ವಾರಸುದಾರರು ಇಂತಿಂಥವರು ಎಂಬ ವರ್ದಿ (ವರದಿ) ಇರುತ್ತದೆ. ಮಕ್ಕಳ ಹೆಸರು, ಕೆಲವೊಮ್ಮೆ ವಯಸ್ಸು, ವಿಧವೆಯ ಹೆಸರು, ಮರಣದ ದಿನಾಂಕ ಸಿಗುತ್ತವೆ. ಆ ತೀರಿಕೊಂಡವರಿಗೆ ಹೊಲ ಹೇಗೆ ಬಂತು ಎಂಬುದು ಅದರ ಹಿಂದಿನ ಎಂ.ಇ.ಯಲ್ಲಿರುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ ಹಾಕುತ್ತ ಹೋದರೆ ಇಪ್ಪತ್ತನೇ ಶತಮಾನದ ಆರಂಭದವರೆಗೆ ಮುಟ್ಟಬಹುದು. ನಮ್ಮ ಭಾಗ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದಕ್ಕಿಂತ ಹಿಂದೆ ಹೋಗಲು ಸರ್ವೆ ಕಾಗದಗಳೇ ದಾರಿ.

ಇಲ್ಲಿ ಎಡವುವ ಜಾಗ ಮೂರು. ಎಂ.ಇ. ಮೇಲಿನ ದಿನಾಂಕ ವರ್ದಿ ದಾಖಲಾದ ದಿನಾಂಕ, ಸಾವಿನದ್ದಲ್ಲ. ಸೊಸಾಯಿಟಿಯಲ್ಲಿ ಸಾಲ ಬೇಕಾದಾಗ, ಹೊಲ ಮಾರುವಾಗ ಅಥವಾ ಅಣ್ಣತಮ್ಮಂದಿರು ಬೇರೆಯಾಗುವಾಗ ಮಾತ್ರ ಜನ ವರ್ದಿ ಕೊಡುತ್ತಿದ್ದರು. ಅಜ್ಜ ತೀರಿ ಹತ್ತು ಹದಿನೈದು ವರ್ಷವಾಗಿರಬಹುದು. ಎರಡನೆಯದು, ಹೆಸರಿನ ಮುಂದೆ ಎ.ಕು.ಮ್ಯಾ. ಎಂದಿದ್ದರೆ ಅವರು ಏಕತ್ರ ಕುಟುಂಬದ ಮ್ಯಾನೇಜರ್. ತಮ್ಮಂದಿರ ಹೆಸರು ಆ ಕಾಗದದಲ್ಲಿ ಬರದೇ ಹೋಗಿರಬಹುದು. ಅ.ಪಾ.ಕ. ಎಂದಿದ್ದರೆ ಖಾತೇದಾರ ಇನ್ನೂ ಚಿಕ್ಕವನು, ಅವನ ಪರವಾಗಿ ಪಾಲಕರಿದ್ದಾರೆ. ಅಂದರೆ ತಂದೆ ಎಳೆಯ ಮಕ್ಕಳನ್ನು ಬಿಟ್ಟು ತೀರಿದ್ದಾರೆ, ಮಗನ ವಯಸ್ಸನ್ನೂ ಅಂದಾಜು ಮಾಡಬಹುದು. ಮೂರನೆಯದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲಿನ ವಾರಸಾದಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಬರುವುದಿಲ್ಲ. ಹೆಸರಿಲ್ಲ ಎಂದ ಮಾತ್ರಕ್ಕೆ ಅಜ್ಜನಿಗೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದು ವಂಶಾವಳಿಯಲ್ಲಿ ಬರೆದುಬಿಡಬೇಡಿ.

ಹೊಲದ ನಂಬರೂ ಕಾಲಕಾಲಕ್ಕೆ ಬದಲಾಗಿದೆ. ನಮ್ಮ ಭಾಗದಲ್ಲಿ ಮೊದಲ ಸರ್ವೆ 1840ರ ದಶಕದ್ದು, ಮರು ಸರ್ವೆ 1870ರ ದಶಕದ್ದು. ಖರೇದಿ ಪತ್ರಗಳಲ್ಲಿ ಕಾಣುವ ರಿ.ಸ.ನಂ. ಎಂಬುದು ಈ ಮರು ಸರ್ವೆಯ ನಂಬರು. ತುಂಡು ಜಮೀನುಗಳನ್ನು ಒಗ್ಗೂಡಿಸುವ 1947ರ ಮುಂಬಯಿ ಕಾಯ್ದೆ ಜಾರಿಯಾದ ಊರುಗಳಲ್ಲಿ ಅದರ ಮೇಲೆ ಬ್ಲಾಕ್ ನಂಬರು ಬಂತು. ಈಗಿನ ಬ್ಲಾಕ್ ನಂಬರು ಹೇಳಿ 1920ರ ಕಾಗದ ಕೇಳಿದರೆ ಸಿಗುವುದು ಬೇರೆಯವರ ಹೊಲ. ಆದ್ದರಿಂದ ಮೊದಲು ಹಳೆ ನಂಬರಿಗೂ ಹೊಸ ನಂಬರಿಗೂ ತಾಳೆ ಹಾಕಿದ ಪಟ್ಟಿ ಮತ್ತು ಆಕಾರಬಂದ್ (ಊರಿನ ಹೊಲಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ನೋಡಿ. ಸಂಶಯ ಬಂದರೆ ಕ್ಷೇತ್ರ (ವಿಸ್ತೀರ್ಣ), ಆಕಾರ (ಕಂದಾಯ) ಎರಡನ್ನೂ ಹೋಲಿಸಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ರೂಪಾಯಿ-ಆಣೆ-ಪೈಗಳಲ್ಲಿ ಬರೆದ ಆಕಾರ ಒಂದು ಸರ್ವೆಯಿಂದ ಮುಂದಿನದರವರೆಗೆ, ಸಾಮಾನ್ಯವಾಗಿ 30 ವರ್ಷ, ಬದಲಾಗುತ್ತಿರಲಿಲ್ಲ. ಪೋಡಿಯಾಗದ (ತುಂಡಾಗದ) ಹೊಲದ ಕ್ಷೇತ್ರ, ಆಕಾರ, ಚಕ್ಕಬಂದಿ (ನಾಲ್ಕೂ ದಿಕ್ಕಿನ ಗಡಿ) ಮೂರೂ ಕೂಡಿ ಬಂದರೆ ಅದೇ ಹೊಲ ಎಂದು ನಂಬಬಹುದು.

ಹೇಗೆ ಬದುಕಿದರು ಎಂದು ಕೇಳಿದ್ದೀರಿ. ಅದಕ್ಕೆ ಉತ್ತರ ಉಪನೋಂದಣಿ ಕಚೇರಿಯಲ್ಲಿದೆ. 1908ರ ನೋಂದಣಿ ಕಾಯ್ದೆಯಂತೆ ಉಯಿಲು ಬಿಟ್ಟು ಸ್ಥಿರಾಸ್ತಿಯ ಉಳಿದ ಪತ್ರಗಳೆಲ್ಲ 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಆ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ಕಾಯ್ದೆಯ 57ನೇ ಕಲಂ ಅದಕ್ಕೆ ಅವಕಾಶ ಕೊಟ್ಟಿದೆ. ಒಂದು ಸೂಚಿ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಎರಡನ್ನೂ ಕೇಳಿ. ಭೋಗ್ಯ ಪತ್ರವನ್ನೋ ಖರೇದಿ ಪತ್ರವನ್ನೋ ಬಿಡಿಸಿ ಓದಿದರೆ ಸಾಲ ಎಷ್ಟು, ಯಾರಿಂದ, ಯಾತಕ್ಕೆ ಎಂಬುದೆಲ್ಲ ಬರೆದಿರುತ್ತದೆ: ಮಗಳ ಲಗ್ನಕ್ಕೆ, ಎತ್ತು ಕೊಳ್ಳಲಿಕ್ಕೆ, ಹಳೆ ಸಾವಕಾರರ ಬಾಕಿ ತೀರಿಸಲಿಕ್ಕೆ. ಸಹಿಯೋ ಹೆಬ್ಬೆಟ್ಟೋ ಎಂಬುದರಿಂದ ಅಕ್ಷರ ಬರುತ್ತಿತ್ತೇ ಎಂದು ತಿಳಿಯುತ್ತದೆ. ಸಾಕ್ಷಿ ಹಾಕಿದವರಲ್ಲಿ ಬೀಗರು, ಸೋದರಮಾವಂದಿರು ಇರುತ್ತಾರೆ, ಅವರ ಊರಿನ ಹೆಸರೂ ಇರುತ್ತದೆ. ಸಾಮಾನ್ಯ ರೈತನೊಬ್ಬನ ಬದುಕು ಇಷ್ಟು ಹತ್ತಿರದಿಂದ ಕಾಣುವ ಕಾಗದ ಬೇರೆ ಯಾವುದೂ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಗಾಗಿ ಇಲ್ಲಿ ಸಮಯ ಖರ್ಚು ಮಾಡಿ.

ಊರಿನ ಸಹಕಾರಿ ಸಂಘದ ಸಭಾಸದರ ಪುಸ್ತಕವನ್ನೂ ಮರೆಯಬೇಡಿ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಪತ್ತಿನ ಸಂಘ ಹುಟ್ಟಿದ ಸೀಮೆ ನಮ್ಮದು. ಹಳೆಯ ಸಂಘಗಳ ಕಪಾಟಿನಲ್ಲಿ ಷೇರು, ಸಾಲ, ಜಾಮೀನುದಾರರ ಹೆಸರು ಉಳಿದಿರುವುದುಂಟು.

ಅರ್ಜಿಯಲ್ಲಿ ಊರು, ಹೋಬಳಿ, ಹಳೆ ಮತ್ತು ಹೊಸ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂದು ಸ್ಪಷ್ಟವಾಗಿ ಬರೆಯಿರಿ. ‘ನಮ್ಮ ಅಜ್ಜನ ಎಲ್ಲಾ ಕಾಗದ ಕೊಡಿ’ ಎಂದರೆ ಅರ್ಜಿ ಮೂಲೆ ಸೇರುತ್ತದೆ. ದಾಖಲೆ ಇಲ್ಲವೆಂದರೆ ಬಾಯಿಮಾತಿಗೆ ಒಪ್ಪದೆ ಹಿಂಬರಹ ತೆಗೆದುಕೊಳ್ಳಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆ ಕಡತಗಳು ಸ್ಕ್ಯಾನ್ ಆಗುತ್ತಿವೆ. ನಿಮ್ಮ ಊರಿನದು ಆಗಿದೆಯೇ ಎಂದು ಮೊದಲು ವಿಚಾರಿಸಿದರೆ ಧೂಳಿನ ಗಂಟು ಬಿಚ್ಚಿಸುವ ಕೆಲಸ ತಪ್ಪಬಹುದು.

ಪ್ರಶ್ನೆ: ನಮ್ಮದು ಹಾವೇರಿ ಕಡೆಯ ಮನೆತನ. ಮುತ್ತಜ್ಜನಿಗೆ ಸ್ವಂತ ಹೊಲ ಇರಲಿಲ್ಲ, ಲಾವಣಿ (ಗೇಣಿ ಸಾಗುವಳಿ) ಮಾಡುತ್ತಿದ್ದರಂತೆ. ಹೊಲವಿಲ್ಲದವರ ದಾಖಲೆ ಎಲ್ಲಿ ಸಿಗುತ್ತದೆ?

ಉತ್ತರ: ಲಾವಣಿ ಮಾಡಿದ್ದರೆ ಕಾಗದ ಇದ್ದೇ ಇರುವ ಸಂಭವ ಹೆಚ್ಚು. ಉತಾರದ 12ನೇ ಕಾಲಂನಲ್ಲಿ ಸಾಗುವಳಿ ಮಾಡಿದವರ ಹೆಸರು ಬರುತ್ತದೆ. ಯಾರ ಹೊಲ ಮಾಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಆ ಮಾಲಕರ ಹೊಲದ ಹಳೆ ಉತಾರಗಳನ್ನು ವರ್ಷದಿಂದ ವರ್ಷಕ್ಕೆ ತೆಗೆಸಿ. ನಂತರ ಭೂನ್ಯಾಯ ಮಂಡಳಿಯ ಕಡತ ನೋಡಿ. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು. ಅದರ ಜೊತೆಗಿರುವ ಜವಾಬಿನಲ್ಲಿ (ಹೇಳಿಕೆಯಲ್ಲಿ) ಅಜ್ಜನೋ ಅವರ ಮಗನೋ ಎಷ್ಟು ವರ್ಷದಿಂದ ಸಾಗುವಳಿ, ಕೋರಪಾಲೋ (ಬೆಳೆಯಲ್ಲಿ ಪಾಲು) ರೊಕ್ಕದ ಲಾವಣಿಯೋ ಎಂದು ಸ್ವತಃ ಹೇಳಿದ್ದು ದಾಖಲಾಗಿರುತ್ತದೆ. ಅರ್ಜಿ ವಜಾ ಆಗಿದ್ದರೂ ಜವಾಬು ಕಡತದಲ್ಲಿ ಉಳಿಯುತ್ತದೆ. ಹೊಲ ಸಿಗಲಿಲ್ಲ, ಕಾಗದ ಯಾಕೆ ಎಂದು ಬಿಟ್ಟುಬಿಡಬೇಡಿ.

ತಳವಾರಕಿ, ಶೇತಸನದಿಯಂಥ ಊರ ಚಾಕರಿ ಮಾಡಿದ ಮನೆತನವಾದರೆ 1874ರ ಮುಂಬಯಿ ವತನ ಕಾಯ್ದೆಯಡಿಯ ವತನ ಪುಸ್ತಕಗಳಲ್ಲಿ ಪೀಳಿಗೆ ಸಿಗಬಹುದು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದಿದ್ದರೆ ಸರ್ವಿಸ್ ಬುಕ್ಕಿನಲ್ಲಿ ತಂದೆಯ ಹೆಸರು, ಹುಟ್ಟೂರು, ವಾರಸುದಾರರ ಹೆಸರು ಇರುತ್ತದೆ. ಕಂಪನಿಯ ಹೆಸರು ಕಾಲಕ್ಕೆ ತಕ್ಕಂತೆ ಕೇಳಬೇಕು: 1908ಕ್ಕೆ ಮೊದಲು ಸದರ್ನ್ ಮರಾಠಾ, ಆಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ, 1951ರಿಂದ ದಕ್ಷಿಣ ರೈಲ್ವೆ, 1966ರಿಂದ ದಕ್ಷಿಣ ಮಧ್ಯ, 2003ರಿಂದ ನೈಋತ್ಯ.

ಇನ್ನೊಂದು ಮಾತು. ಹಾವೇರಿ, ಗದಗ ಜಿಲ್ಲೆಗಳಾದದ್ದು 1997ರಲ್ಲಿ. ಸಂಸ್ಥಾನಗಳಲ್ಲಿದ್ದ ಊರುಗಳನ್ನು ಬಿಟ್ಟರೆ ಅದಕ್ಕೂ ಹಿಂದಿನ ಕಾಗದವೆಲ್ಲ ಧಾರವಾಡ ಜಿಲ್ಲೆಯ ಹೆಸರಿನಲ್ಲಿದೆ. ತಾಲೂಕಿನ ಹೆಸರೂ ಬೇರೆ ಇತ್ತು. ಹಿಂದೆ ಹಾವೇರಿ ಇದ್ದದ್ದು ಕರಜಗಿ ತಾಲೂಕಿನಲ್ಲಿ, ಹಿರೇಕೆರೂರು ಕೋಡ ತಾಲೂಕಿನಲ್ಲಿ, ಶಿಗ್ಗಾವಿ ಬಂಕಾಪುರ ತಾಲೂಕಿನಲ್ಲಿ. ಸೂಚಿಯಲ್ಲಿ ‘ಹಾವೇರಿ ತಾಲೂಕು’ ಎಂದು ಹುಡುಕಿ ಏನೂ ಇಲ್ಲವೆಂದು ಮರಳುವವರು ಬಹಳ.

ಪ್ರಶ್ನೆ: ನಮ್ಮ ಅಜ್ಜಿ ಹುಬ್ಬಳ್ಳಿಯಲ್ಲಿ ಸುಮಾರು 1925ರಲ್ಲಿ ಹುಟ್ಟಿದವರು. ಮಹಾನಗರ ಪಾಲಿಕೆಯಲ್ಲಿ ಅವರ ಹೆಸರಿನ ಜನನ ದಾಖಲೆ ಇಲ್ಲವಂತೆ. ಮುಂದೇನು?

ಉತ್ತರ: ಅಜ್ಜಿಯ ಹೆಸರಿನಲ್ಲಿ ಹುಡುಕಿದ್ದೇ ತೊಂದರೆ. ಜನನ ವರದಿ ಆಗುವಾಗ ಕೂಸಿಗೆ ಇನ್ನೂ ಹೆಸರಿಟ್ಟಿರುತ್ತಿರಲಿಲ್ಲ. ಹಳೆಯ ಪುಸ್ತಕದಲ್ಲಿ ಸಾಮಾನ್ಯವಾಗಿ ‘ಹೆಣ್ಣು’ ಎಂದಷ್ಟೇ ಇದ್ದು ಪಕ್ಕದಲ್ಲಿ ತಂದೆಯ ಹೆಸರು, ಓಣಿ ಇರುತ್ತದೆ. ಅಜ್ಜಿಯ ತಂದೆಯ ಹೆಸರು ಮತ್ತು ಓಣಿ ಕೊಟ್ಟು 1922ರಿಂದ 1928ರವರೆಗೆ ಹುಡುಕಿಸಿ. ಹೇಳುವ ವಯಸ್ಸು ಎರಡು ಮೂರು ವರ್ಷ ಹಿಂದೆಮುಂದೆ ಆಗುವುದು ಸಹಜ. ಹೀಗೆ ಹುಡುಕಿಸಿ ಪ್ರಮಾಣಪತ್ರ ಕೇಳಲು 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಂನಲ್ಲಿ ಅವಕಾಶವಿದೆ. ಚೊಚ್ಚಲ ಹೆರಿಗೆ ತವರಿನಲ್ಲಾಗುವ ರೂಢಿ ಇದ್ದುದರಿಂದ ಅಜ್ಜಿಯ ತಾಯಿಯ ತವರೂರಿನಲ್ಲೂ ಕೇಳಬೇಕು.

ಶಾಲೆಗೆ ಹೋಗಿದ್ದರೆ ಓಣಿಯ ಹಳೆ ಹೆಣ್ಣುಮಕ್ಕಳ ಶಾಲೆಯ ಜನರಲ್ ರಜಿಸ್ಟರ್ ನೋಡಿ. ಹುಟ್ಟೂರು, ಸೇರಿದ ದಿನ, ಎಷ್ಟನೇ ಇಯತ್ತೆಯಲ್ಲಿ ಬಿಟ್ಟರು, ಯಾಕೆ ಬಿಟ್ಟರು ಎಂಬುದು ಅಲ್ಲಿದೆ. ಜನ್ಮದಿನ ಜೂನ್ 1 ಎಂದಿದ್ದರೆ ಅದು ಮಾಸ್ತರರು ಲೆಕ್ಕಕ್ಕೆ ಬರೆದದ್ದು, ನಂಬಬೇಡಿ. ಲಗ್ನದ ನಂತರ ಕೆಲವರ ಹೆಸರೇ ಬದಲಾಗುತ್ತಿತ್ತು, ಆಮೇಲಿನ ಕಾಗದದಲ್ಲಿ ‘ಕೋಂ’ ಎಂದು ಗಂಡನ ಹೆಸರು ಸೇರುತ್ತದೆ. ಆದ್ದರಿಂದ ತವರಿನ ಕಾಗದಕ್ಕೂ ಗಂಡನ ಮನೆಯ ಕಾಗದಕ್ಕೂ ನಡುವೆ ಕೊಂಡಿಯಾಗಿ ಲಗ್ನಪತ್ರಿಕೆ ಅಥವಾ ತವರಿನವರಿಗೆ ಬರೆದುಕೊಟ್ಟ ಹಕ್ಕು ಬಿಟ್ಟ ಪತ್ರ ಬೇಕಾಗುತ್ತದೆ. ಕ್ರೈಸ್ತ ಮನೆತನಗಳಿಗೆ ಚರ್ಚಿನ ದೀಕ್ಷಾಸ್ನಾನ, ವಿವಾಹ, ಸಮಾಧಿ ಪುಸ್ತಕಗಳು ದೊಡ್ಡ ಆಸರೆ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂತು.

ಜನಗಣತಿಯ ಮನೆಮನೆಯ ಹಾಳೆಗಳನ್ನು ಕೇಳಲು ಹೋಗಬೇಡಿ. 1948ರ ಕಾಯ್ದೆಯಂತೆ ಅವು ಗೋಪ್ಯ.

ಪ್ರಶ್ನೆ: ಟ್ರಂಕಿನಲ್ಲಿ ಮೋಡಿ ಅಕ್ಷರದ (ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ) ಒಂದು ಕಾಗದ ಸಿಕ್ಕಿದೆ. ಇಸವಿ ತಿಳಿಯುವುದು ಹೇಗೆ?

ಉತ್ತರ: ಮೊದಲು ಲ್ಯಾಮಿನೇಟ್ ಮಾಡಿಸುವುದು, ಸೆಲೊಟೇಪ್ ಹಚ್ಚುವುದು ಬೇಡ, ಎರಡೂ ಕಾಗದವನ್ನು ಕೊಲ್ಲುತ್ತವೆ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ, ಬೆನ್ನ ಮೇಲಿನ ಮುದ್ರೆಯನ್ನೂ ಬಿಡಬೇಡಿ. ಕಾಗದದಲ್ಲಿ ಶಕ ಇದ್ದರೆ 78 ಕೂಡಿಸಿ, ಫಸಲಿ (ಕಂದಾಯ ವರ್ಷ) ಇದ್ದರೆ 590 ಕೂಡಿಸಿ. ಜನವರಿಯಿಂದ ಆ ಶಕ ಅಥವಾ ಫಸಲಿ ವರ್ಷ ಮುಗಿಯುವವರೆಗಿನ ತಿಂಗಳುಗಳಿಗೆ ಇನ್ನೂ ಒಂದು ಸೇರಿಸಬೇಕು. ಸಂವತ್ಸರದ ಹೆಸರಿದ್ದರೆ ತಾಳೆ ನೋಡಿ: ಶಕ 1798, ಧಾತು ಸಂವತ್ಸರ, ಫಸಲಿ 1286 ಮೂರೂ 1876-77ಕ್ಕೆ, ದೊಡ್ಡ ಬರ ಶುರುವಾದ ವರ್ಷಕ್ಕೆ, ಬರುತ್ತವೆ. ಅಂಕಿಯ ಬದಲು ಅರಬ್ಬಿ ಪದಗಳಲ್ಲಿ ವರ್ಷ ಬರೆದಿದ್ದರೆ ಅದು ಸುಹೂರ ಸನ್, 599 ಅಥವಾ 600 ಕೂಡಿಸಬೇಕು. ಮೋಡಿಯಲ್ಲಿ ಹ್ರಸ್ವ-ದೀರ್ಘದ ಭೇದವಿಲ್ಲ, ಪದಗಳ ನಡುವೆ ಜಾಗವೂ ಇಲ್ಲ. ಆದ್ದರಿಂದ ಓದಿ ಹೇಳುವವರಿಗೆ ನಿಮ್ಮ ಊರಿನ ಹಾಗೂ ಸುತ್ತಲ ಹಳ್ಳಿಗಳ ಹೆಸರು, ಮನೆತನದ ಅಡ್ಡಹೆಸರು ಮೊದಲೇ ಬರೆದುಕೊಡಿ. ಇಲ್ಲದಿದ್ದರೆ ಕನ್ನಡದ ಹೆಸರು ಮರಾಠಿಯ ಹೆಸರಾಗಿ ಹೊರಬರುತ್ತದೆ.

ಪ್ರಶ್ನೆ: ಹೆಳವರು ಹೇಳುವ ವಂಶಾವಳಿಯನ್ನು ನಂಬಬಹುದೇ?

ಉತ್ತರ: ನಂಬುವ ಮೊದಲು ತಾಳೆ ನೋಡಿ, ತಾಳೆಯಾದಷ್ಟನ್ನು ಗೌರವದಿಂದ ನಂಬಿ. ನಿಮ್ಮ ಮನೆತನಕ್ಕೆ ಬರುವ ಹೆಳವರು ಯಾರು ಎಂಬುದು ದಾಯಾದಿಗಳ ಹಿರಿಯ ಮನೆಯಲ್ಲಿ ಗೊತ್ತಿರುತ್ತದೆ, ಸುಗ್ಗಿಯ ನಂತರ ಬರುತ್ತಾರೆ. ಅವರು ಓದುವ ಇತ್ತೀಚಿನ ನಾಲ್ಕೈದು ತಲೆಮಾರನ್ನು ಎಂ.ಇ.ಗಳ ಜೊತೆ ಇಟ್ಟು ನೋಡಿ. ಅವು ಕೂಡಿದರೆ ಅದಕ್ಕಿಂತ ಹಿಂದಿನ ಹೆಸರುಗಳನ್ನು ಸುಳಿವೆಂದು ಬರೆದಿಟ್ಟುಕೊಳ್ಳಿ. ಹೆಸರುಗಳಿಗಿಂತ ಅವರು ಹೇಳುವ ಮೂಲ ಊರು, ಅಲ್ಲಿಂದ ಹೊರಟ ಕಾರಣ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಆ ಊರಿನ ಸರ್ವೆ ಕಾಗದವನ್ನು ಹೋಗಿ ನೋಡಬಹುದು. ನಿಮ್ಮ ಅಡ್ಡಹೆಸರು ಮುಳಗುಂದ, ಅಣ್ಣಿಗೇರಿ ಎಂಬಂತೆ ಊರಿನದೇ ಆಗಿದ್ದರೆ ಅದನ್ನೂ ಜೋಡಿಸಿ ನೋಡಿ. ಅವರ ಪುಸ್ತಕ ಅವರ ಅನ್ನ. ಕೇಳದೆ ಫೋಟೊ ತೆಗೆಯಬೇಡಿ, ಓದಿಸಿಕೊಂಡದ್ದಕ್ಕೆ ಕಾಳು, ಬಟ್ಟೆ, ರೊಕ್ಕ ಕೊಟ್ಟು ಕಳಿಸಿ.

ಪ್ರಶ್ನೆ: ಲಕ್ಷ್ಮೇಶ್ವರದ ನಮ್ಮ ಮನೆಯ 1948ಕ್ಕಿಂತ ಹಿಂದಿನ ಕಾಗದ ಧಾರವಾಡದ ಹಳೆ ಸೂಚಿಗಳಲ್ಲಿ ಯಾಕೆ ಸಿಗುತ್ತಿಲ್ಲ?

ಉತ್ತರ: ಆಗ ಲಕ್ಷ್ಮೇಶ್ವರ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ ಇರಲೇ ಇಲ್ಲ, ಮಿರಜ ಸಂಸ್ಥಾನದಲ್ಲಿತ್ತು. ಶಿರಹಟ್ಟಿ ಸಾಂಗ್ಲಿಯದು, ಕುಂದಗೋಳ ಜಮಖಂಡಿಯದು, ಸವಣೂರು ನವಾಬರದು. ಈ ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ. ಅದಕ್ಕೂ ಹಿಂದಿನ ಕಾಗದದ ನಮೂನೆ, ಪುಸ್ತಕದ ಹೆಸರು, ಭಾಷೆ ಎಲ್ಲ ಆಯಾ ದರಬಾರಿನದು. ಅರ್ಜಿಯಲ್ಲಿ ಸಂಸ್ಥಾನದ ಹೆಸರು ಬರೆದು, ಮೊದಲು ಈಗಿನ ತಾಲೂಕು ಕಚೇರಿಯಲ್ಲಿ ‘ವಿಲೀನಪೂರ್ವ ದಫ್ತರ’ ಎಂದು ಕೇಳಿ.